ಜೇಡ ಒರೆಸಿ ಬರೆದ ಬೋರ್ಡು

ಬೇಲಿಯ ಜೇಡ ಒಂದು ಆ್ಯಪ್ ಮಾಡಿ, ಅದರ ವಿವರವನ್ನು ಬೋರ್ಡಿನ ಮೇಲೆ ಬರೆದು ತೂಗುಹಾಕಿತು: "ಅಷ್ಟಕೋನ ಜಾಲಾಧಾರಿತ ಕಂಪನಗ್ರಾಹಕ ಸ್ವಯಂಚಾಲಿತ ಮುನ್ಸೂಚನಾ ತಂತ್ರಾಂಶ." ಮೂರು ದಿನವಾದರೂ ಯಾರೊಬ್ಬರೂ ಅದನ್ನು ಫೋನಿಗೆ ಹಾಕಿಕೊಳ್ಳಲಿಲ್ಲ.

ನಾಲ್ಕನೆಯ ದಿನ ಐದು ಮರಿಗಳ ಹೇಂಟೆ ಬೋರ್ಡಿನ ಮುಂದೆ ನಿಂತು ಎರಡು ಸಲ ಓದಿತು.

"ಜೇಡಣ್ಣ, ಇದು ಏನು ಮಾಡುತ್ತದೆ?"

"ಬರೆದಿದ್ದೇನಲ್ಲ ಅಕ್ಕ! ಒಂದೊಂದು ಎಳೆಗೂ ಎಷ್ಟು ಕಷ್ಟಪಟ್ಟಿದ್ದೇನೆ ಗೊತ್ತೇ?"

"ನಿನ್ನ ಕಷ್ಟವೆಲ್ಲ ಇಲ್ಲಿದೆ. ನನ್ನ ಕಷ್ಟ ಎಲ್ಲಿದೆ? ನಿನ್ನೆ ನನಗೆ ಆರು ಮರಿಗಳಿದ್ದವು. ಒಂದನ್ನು ಹಾವು ನುಂಗಿತು."

ಜೇಡ ಬೋರ್ಡನ್ನು ಒರೆಸಿ ಹೊಸದಾಗಿ ಬರೆಯಿತು: "ಹಾವು ಬೇಲಿ ಮುಟ್ಟಿದರೆ ನಿಮ್ಮ ಫೋನು ಕೂಗುತ್ತದೆ. ಕೂಗಿದ ಕೂಡಲೇ ಮರಿಗಳನ್ನು ಕರೆದುಕೊಂಡು ಗೂಡು ಸೇರಿ."

ಸಂಜೆಯೊಳಗೆ ಅಂಗಳದ ಫೋನುಗಳಲ್ಲೆಲ್ಲ ಆ ಆ್ಯಪ್ ಕೂತಿತು. ಮರುದಿನ ಹಾವು ಬೇಲಿ ಮುಟ್ಟಿದ್ದೇ ತಡ, ಎಲ್ಲ ಫೋನುಗಳೂ ಒಟ್ಟಿಗೆ ಕೂಗಿಕೊಂಡವು. ಹಾವು ಒಳಗೆ ಬರುವಷ್ಟರಲ್ಲಿ ಅಂಗಳದಲ್ಲಿ ಒಂದು ಮರಿಯೂ ಇರಲಿಲ್ಲ. ಗೂಡಿನೊಳಗಿಂದ ಹೇಂಟೆಯ ಗೆಲುವಿನ ಕೂಗು ಮಾತ್ರ ಕೇಳುತ್ತಿತ್ತು.

ಬರಿ ಹೊಟ್ಟೆಯಲ್ಲಿ ಹಿಂದಿರುಗುತ್ತಿದ್ದ ಹಾವು ಬೋರ್ಡನ್ನು ಓದಿ ನಿಟ್ಟುಸಿರಿಟ್ಟಿತು: "ಮೊದಲು ಬರೆದದ್ದೇ ಎಷ್ಟು ಚೆನ್ನಾಗಿತ್ತು!"