ದ್ಯಾಮ್ಯಾ ಅಕ್ಕನ್ನ ಒಣಗಾಕ ಇಟ್ಟದ್ದು

ಹೂಂ ಅನ್ನೋರು ಯಾರರೆ ಅದೀರೇನು? ಹೂಂ ಅಂದ್ರ ಕತಿ ಮುಂದ ಹೋಗತೈತಿ, ಇಲ್ಲಂದ್ರ ಇಲ್ಲೇ ಕುಂದರತೈತಿ.

ಒಂದೂರಾಗ ಫಕೀರವ್ವ ಅಂತ ಒಬ್ಬಾಕಿ ಅವ್ವ. ಆಕಿಗೆ ದ್ಯಾಮ್ಯಾ ಅಂತ ಒಬ್ಬ ಮಗ. ಮೀಸಿ ಬಂದಿತ್ತು, ಬುದ್ಧಿ ಇನ್ನೂ ದಾರ್ಯಾಗಿತ್ತು. ಹೇಳಿದ್ದು ಮಾಡತಿದ್ದ. ಹೇಳಿದ್ದನ್ನ ಹೇಳಿದಂಗ ಮಾಡತಿದ್ದ. ಅದ ತ್ರಾಸು!

ಮೊದಲು ಮನ್ಯಾಗ ಅಕ್ಕ ಹೊನ್ನವ್ವ ಇದ್ಲು. ದ್ಯಾಮ್ಯಾನ ಕೂಡ ಮಾತಾಡಾಕಿ ಆಕಿ, ನಗಾಕಿ ಆಕಿ, ಜೋಕಾಲಿ ತೂಗಾಕಿ ಆಕಿ. ಆಕೀನ್ನ ಇಚಲಕರಂಜಿಗೆ ಕೊಟ್ರು. ಆಮ್ಯಾಲ ಅವನ ಕೂಡ ಮಾತಾಡೋರು ಯಾರು? ಹುಡುಗರು ಕಾಡಸತಿದ್ರು. ದೊಡ್ಡೋರು "ಸರಿಯಲೇ ಆಚೆ" ಅಂತಿದ್ರು. ಪಾಪ, ಕಟ್ಟೀ ಮ್ಯಾಲ ಕುಂತು ಕೋಳಿ ಜೋಡಿ ಮಾತಾಡತಿದ್ದ. ಕಾಳು ಮುಗಿದ ಕೂಡಲೆ ಕೋಳೀನೂ ಎದ್ದು ಹೋಗತಿತ್ತು.

ಪಂಚಮಿಗೆ ತಮ್ಮ ಹೋಗಿ ಅಕ್ಕನ್ನ ತವರಿಗೆ ಕರಕೊಂಡು ಬರೋದು ರೂಢಿ. ಆ ವರ್ಷ ಹೊನ್ನವ್ವನ ಅತ್ತಿ ಹಾಸಿಗಿ ಹಿಡಿದಿದ್ಲು. "ಬರಾಕ ಆಗೂದಿಲ್ಲವ್ವಾ" ಅಂತ ಹೊನ್ನವ್ವ ಹೇಳಿ ಕಳಿಸಿದ್ಲು. "ಹಬ್ಬದ ಸಂಜೀಕ ಇವರ ಫೋನ್ ಇಸ್ಕೊಂಡು ವಿಡಿಯೋ ಕಾಲ್ ಮಾಡತೀನಿ. ಒಂದ ಸಲ ಮಾರಿ ನೋಡೋಣು."

ಅಳಿಯ ಫೋನು ಕೈಬಿಡೋ ಪೈಕಿ ಅಲ್ಲ. ಅದು ತಪ್ಪಿದ್ರ ಮತ್ತ ಮುಂದಿನ ವರ್ಷಾನ! ಫಕೀರವ್ವ ಯಾರೋ ವಾಪರಿಸಿ ಬಿಟ್ಟ ಟಚ್ ಫೋನ್ ಒಂದು ತಗೊಂಡ್ಲು. ಮಗಳ ಫೋಟೋ ಅದರಾಗ ಹಿಡಿದು ಇಟ್ಕೋಬೇಕಂತ ಆಸೆ. ಅದಕ್ಕ ಮೆಮೊರಿ ಕಾರ್ಡ್ ಬೇಕು.

"ದ್ಯಾಮ್ಯಾ, ಅಂಗಡ್ಯಾಗ ಮೆಮೊರಿ ಕಾರ್ಡ್ ತಾ. ಉಗುರಿನಷ್ಟು ಇರತೈತಿ. ಅಂಗೈಯಾಗ ಹಿಡ್ಕೊಂಡು ಬಾ!"

"ಹೂಂ ಯವ್ವಾ!"

ಅಂಗೈಯಾಗ ಹಿಡ್ಕೊಂಡು ಹೊಂಟ. ಎದುರಿಗೆ ಟ್ರ್ಯಾಕ್ಟರ್ ಬಂತು. ಟ್ರೇಲರಿನಾಗ ಕುಂತ ಹುಡುಗರು ಅವಗ ಕೈ ಬೀಸಿದ್ರು. ದ್ಯಾಮ್ಯಾಗ ಯಾರು ಯಾವತ್ತು ಕೈ ಬೀಸಿದ್ರಪಾ? ಖುಷಿಗೆ ಎರಡೂ ಕೈ ಎತ್ತಿ ಬೀಸಿದ, ಟ್ರ್ಯಾಕ್ಟರ್ ಕಾಣದಂಗ ಆಗೋತನಕ ಬೀಸಿದ. ಕಾರ್ಡು ಎಲ್ಲಿ ಹಾರಿತೋ ಆ ಧೂಳಿಗೇ ಗೊತ್ತು.

"ಖೋಡಿ! ಹುಚ್ಚಪ್ಯಾಲಿ! ಅದನ್ನ ಕಿಸೇದಾಗ ಇಟ್ಟು, ಮ್ಯಾಲ ಕೈ ಒತ್ತಿ ಹಿಡ್ಕೊಂಡು ಬರಬೇಕಿತ್ತು!"

"ಮುಂದಿನ ಸಲ ಹಂಗ ಮಾಡತೀನಿ ಯವ್ವಾ!"

ಮುಂದಿನ ಸಲ ಏನು? ಫೋನಿನ ಮಾರಿಗೆ ಅಂಟಸೋ ಗಾಜು. "ಹೊನ್ನಿ ಮಾರಿ ಮ್ಯಾಲ ಗೆರಿ ಬೀಳಬಾರದು, ಹೊಸಾ ಗಾಜು ತಾ" ಅಂದ್ಲು ಅವ್ವ. ದ್ಯಾಮ್ಯಾ ಗಾಜು ಕಿಸೇದಾಗ ಇಟ್ಟ, ಮ್ಯಾಲ ಕೈ ಇಟ್ಟ, ಒತ್ತಿದ. ಊರ ಮುಟ್ಟೋತನಕ ಒತ್ತಿದ. ಕಟಕ್ ಅಂದಾಗ ಇನ್ನೂ ಬಿಗೀ ಒತ್ತಿದ!

ಅವ್ವನ ಮುಂದ ಕಿಸೆ ತಿರುವಿದ. ಸಕ್ಕರಿ ಸುರುವಿದಂಗ ಸುರೀತು.

"ಅಯ್ಯ ನಿನ್ನ! ಗಾಜಿನ ಸಾಮಾನು ಅಂದ್ರ ಅರಿವ್ಯಾಗ ಸುತ್ತಬೇಕೋ! ದಪ್ಪಗ ಸುತ್ತಬೇಕು!"

"ಸುತ್ತತೀನಿ ಯವ್ವಾ, ಮುಂದಿನ ಸಲ ದಪ್ಪಗ ಸುತ್ತತೀನಿ!"

ಮರುದಿನ ಫಕೀರವ್ವ ಫೋನ್ ಚಾರ್ಜಿಗೆ ಹಾಕಿ ಹೊಲಕ್ಕ ಹೋದ್ಲು. "ನೋಡ್ಕೋ" ಅಂದ್ಲು. ದ್ಯಾಮ್ಯಾ ನೋಡ್ಕೊಂಡ. ಫೋನಿನ ಮಾರಿ ಯಾತರದು? ಗಾಜಿಂದು. ಟಾವೆಲ್ಲಿನ್ಯಾಗ ಸುತ್ತಿದ. ಸಾಲಲಿಲ್ಲ. ಅವ್ವನ ಹಳೇ ಸೀರ್ಯಾಗ ಸುತ್ತಿದ. ಸಾಲಲಿಲ್ಲ. ಕೌದ್ಯಾಗ ಸುತ್ತಿದ. ಬಾಣಂತಿ ಮಗ್ಗಲದಾಗಿನ ಕೂಸಿನಂಗ ಮಲಗಿಸಿ, "ನೀನರೆ ಮಾತಾಡು" ಅಂತ ಅದರ ಪಕ್ಕಕ್ಕ ಕುಂತ.

ಅವ್ವ ಬಂದು ಕೌದಿ ಬಿಚ್ಚಿದ್ರ, ಫೋನು ಆಗಷ್ಟ ಹಂಚಿನ ಮ್ಯಾಲಿಂದ ಇಳಿಸಿದ ರೊಟ್ಟಿ!

"ಚಾರ್ಜ್ ಆಗೋವಾಗ ಅದು ಮೊದಲ ಬಿಸಿ ಆಗತೈತಿ! ಮ್ಯಾಲ ಕೌದಿ ಹೊಚ್ಚಿದ್ರ ಬ್ಯಾಟರಿ ಉಬ್ಬಿ ಸಿಡೀತೈತಿ! ಬಿಸಿ ಆತಂದ್ರ ತಂಪು ಮಾಡಬೇಕೋ ಖೋಡಿ!"

"ತಂಪು ಮಾಡತೀನಿ ಯವ್ವಾ!"

ಏನು ಮಾಡಿದ ಅಂತ ನಾ ಹೇಳಬೇಕೇನು? ಮರುದಿನ ಫೋನು ಒಂಚೂರು ಬೆಚ್ಚಗಾತು. ದ್ಯಾಮ್ಯಾ ವಯರ್ ಕಿತ್ತ, ಫೋನ್ ಒಯ್ದು ಕುಡಿಯೋ ನೀರಿನ ಹರವ್ಯಾಗ ಬಿಟ್ಟ. ಬುಳುಕ್!

ಅವ್ವ ಎದಿ ಎದಿ ಬಡಕೊಂಡ್ಲು. "ಹೊನ್ನೀ! ನಿನ್ನ ಮಾರಿ ಇನ್ನ ಹೆಂಗ ನೋಡಲೇ! ಪಂಚಮಿ ಮೂರ ದಿನ ಐತಲ್ಲೋ!" ಫೋನ್ ತಗದ್ಲು, ಬಂದ್ ಮಾಡಿದ್ಲು, ಒರಸಿದ್ಲು, ಹಬ್ಬಕ್ಕಂತ ತಂದ ಅಕ್ಕಿ ಡಬ್ಬ್ಯಾಗ ಹೂತಿಟ್ಲು.

"ನೆಟ್ಟಗ ಕೇಳು! ನೀರು ಹತ್ತಿದ್ರ ಅಕ್ಕ್ಯಾಗ ಹೂಳಬೇಕು. ಒಂದು ಹನಿ ಕಂಡ್ರೂ ಹೂಳಬೇಕು. ಎರಡು ದಿನ ಅಲುಗಾಡಸಬಾರದು!"

"ಒಂದು ಹನಿ ಕಂಡ್ರೂ ಹೂಳತೀನಿ ಯವ್ವಾ!"

ಅಕ್ಕಿಗೆ ಒಣಗಿತೋ, ಹೊರಗ ಇಟ್ಟಿದ್ರೂ ಗಾಳಿಗೆ ಒಣಗತಿತ್ತೋ, ನನ್ನ ಕೇಳಬ್ಯಾಡ್ರಿ, ನಾ ಅಷ್ಟು ಸಾಲಿ ಕಲಿತಿಲ್ಲ. ಅಂತೂ ಫೋನು ಬದುಕಿತು. ಫಕೀರವ್ವ ಅದಕ್ಕ ಕೈ ಮುಗದ್ಲು.

ಪಂಚಮಿ ಬಂತು. ಓಣಿ ತುಂಬ ಜೋಕಾಲಿ, ಓಣಿ ತುಂಬ ತವರಿಗೆ ಬಂದ ಹೆಣ್ಮಕ್ಕಳು. ಫಕೀರವ್ವ ಶೇಂಗಾ ಉಂಡಿ ಕಟ್ಟಿ ತಾಟಿನಾಗ ಇಟ್ಲು. ಸಂಜೀಕ, "ಮಗಳು ನೋಡತಾಳ, ಚಲೋ ಸೀರಿ ಉಟ್ಕೊಂಡು ಬರತೀನಿ, ಫೋನ್ ಬಂದ್ರ ಎತ್ತು" ಅಂತ ಒಳಗ ಹೋದ್ಲು.

ಫೋನ್ ಬಡಕೊಂತು! ದ್ಯಾಮ್ಯಾ ಎತ್ತಿದ. ಒಳಗ ಅಕ್ಕ!

"ತಮ್ಮಾ! ಹೆಂಗದಿಯೋ ನಮ್ಮಪ್ಪಾ?"

"ಆರಾಮ ಅದೀನಕ್ಕಾ! ನೀ ಯಾಕ ಇಷ್ಟ ಸಣ್ಣಾಕಿ ಆಗಿ?"

ಹೊನ್ನವ್ವ ನಕ್ಕಳು. "ಇಲ್ಲಿ ಕೂಳು ಹತ್ತೂದಿಲ್ಲೋ. ಜೋಕಾಲಿ ಆಡಿದಿ?"

"ಹೂಂ."

"ಯಾರು ತೂಗಿದ್ರು?"

"ಯಾರೂ ಇಲ್ಲಕ್ಕಾ. ಕುಂತಿದ್ದೆ. ಗಾಳಿ ಬಂದಾಗ ತಾನ ಅಲುಗಾಡತಿತ್ತು."

ಹೊನ್ನವ್ವನ ನಗು ನಿಂತಿತು. ಕಣ್ಣಾಗಿಂದ ಒಂದು ಹನಿ ಇಳೀತು, ಹಿಂದ ಮತ್ತೊಂದು. ದ್ಯಾಮ್ಯಾ ಅಂಗಿ ಚುಂಗಿಲೆ ಗಾಜು ಒರಸಿದ. ಹನಿ ಹೋಗಲಿಲ್ಲ. ಉಫ್ ಅಂತ ಊದಿದ. ಹೋಗಲಿಲ್ಲ, ಮತ್ತೂ ಬಂದುವು!

"ಅಯ್ಯಯ್ಯೋ! ಒಳಗ ನೀರು ಹೊಕ್ಕೈತಿ! ಅಂಜಬ್ಯಾಡಕ್ಕಾ, ಉಳಸತೀನಿ!"

ಓಡಿದ, ಅಕ್ಕಿ ಡಬ್ಬಿ ತಗದ, ಅಕ್ಕನ್ನ ಅಕ್ಕ್ಯಾಗ ಹೂತ, ಮುಚ್ಚಳ ಹಾಕಿ ಮ್ಯಾಲ ಕುಂತ.

ಫಕೀರವ್ವ ಸೀರಿ ನೆರಿಗಿ ಹಿಡ್ಕೊಂಡು ಓಡಿ ಬಂದ್ಲು. "ಬಂತೇನೋ? ಎಲ್ಲೋ ಹೊನ್ನಿ?"

"ಒಣಗಾಕ ಇಟ್ಟೀನಿ ಯವ್ವಾ."

ಡಬ್ಬಿ ಒಳಗಿಂದ ಸಣ್ಣಗ ದನಿ. "ಅವ್ವಾ... ಕತ್ತಲಿ ಆತಲ್ಲ... ಅವ್ವಾ, ಇವರು ಫೋನ್ ಕೇಳಾಕತ್ತಾರ..."

ಫಕೀರವ್ವ ಮಗನ್ನ ನೂಕಿದ್ಲು, ಎರಡೂ ಕೈಲೆ ಅಕ್ಕಿ ತೋಡಿದ್ಲು. ಫೋನ್ ಸಿಗೋದ್ರೊಳಗ ಮಾರಿ ಹೋಗಿತ್ತು. ತಿರುಗಿ ಹಚ್ಚಿದ್ಲು. ಯಾವಾಕಿನೋ ಒಬ್ಬಾಕಿ "ಸ್ವಿಚ್ ಆಫ್ ಆಗಿದೆ" ಅಂದ್ಲು. ಮತ್ತ ಹಚ್ಚಿದ್ಲು. ಅದ ಹೆಂಗಸು, ಅದ ಮಾತು.

ಫಕೀರವ್ವ ಉಟ್ಟ ಚಲೋ ಸೀರೀಲೇ ನೆಲಕ್ಕ ಕುಂತ್ಲು. ದ್ಯಾಮ್ಯಾ ಬೈಗಳ ಕೇಳಾಕ ತಲಿ ಬಗ್ಗಿಸಿ ನಿಂತ. ಬೈಗಳ ಬರಲಿಲ್ಲ. ಹಿಂಗ ಮಾಡಬೇಕಿತ್ತು, ಹಂಗ ಮಾಡಬೇಕಿತ್ತು ಅನ್ನೋದೂ ಬರಲಿಲ್ಲ. ಹೊರಗ ಮಂದಿ ಹೆಣ್ಮಕ್ಕಳು ಜೋಕಾಲಿ ಮ್ಯಾಲ ನಗತಿದ್ರು.

ದ್ಯಾಮ್ಯಾ ತಲಿ ಎತ್ತಿ ನೋಡಿದ. ಅವ್ವನ ಗಲ್ಲದ ಮ್ಯಾಲ ಒಂದು ಹನಿ. ಹಿಂದ ಮತ್ತೊಂದು.

ಗಾಬರಿಯಾದ. ಇದ್ದಾಕಿ ಈಕಿ ಒಬ್ಬಾಕಿ! ಡಬ್ಬಿ ಎತ್ತಿದ, ಇದ್ದ ಅಕ್ಕಿಯೆಲ್ಲಾ ಅವ್ವನ ನೆತ್ತಿ ಮ್ಯಾಲ ಸುರುವಿದ. ತಲಿ ಮ್ಯಾಲ, ಭುಜದ ಮ್ಯಾಲ, ಮಡಿಲ ತುಂಬ. ಕೆಳಗ ಬಿದ್ದದ್ದನ್ನೂ ಬಾಚಿ ಬಾಚಿ ಮ್ಯಾಲ ಹಾಕಿದ. ಆಮ್ಯಾಲ ಆಕಿ ಮಗ್ಗಲಕ್ಕ ಒತ್ತಿ ಕುಂತು ಹೇಳಿದ:

"ಎರಡು ದಿನ ಅಲುಗಾಡಬ್ಯಾಡ ಯವ್ವಾ. ನಾ ಇಲ್ಲೇ ಇರತೀನಿ."