ಸೆಲ್ಫ್ ಮೋಟಾರಿನ ಚಾಡಿ

ಹಳೇ ಕಾರೊಂದರಲ್ಲಿ ಎಂಜಿನ್ನನ್ನು ಎಬ್ಬಿಸುವ ಸೆಲ್ಫ್ ಮೋಟಾರು ಸೋತುಹೋಗಿತ್ತು. ಕೀ ತಿರುಗಿಸಿದರೆ ಬರೀ 'ಟಕ್' ಎನ್ನುತ್ತಿತ್ತು. ಅದನ್ನು ಒಪ್ಪಿಕೊಳ್ಳಲು ನಾಚಿ, "ಅಣ್ಣಾ, ನನ್ನದೇನೂ ತಪ್ಪಿಲ್ಲ, ಬ್ಯಾಟರಿಗೆ ವಯಸ್ಸಾಯಿತು" ಎಂದು ಮೆಕ್ಯಾನಿಕ್ ಬಾಬಾಜಾನನಿಗೆ ಚಾಡಿ ಹೇಳಿತು. ಅವನು ಬ್ಯಾಟರಿಯನ್ನು ಬಿಚ್ಚಿ ಗ್ಯಾರೇಜಿನ ಮೂಲೆಗೆ ಹಾಕಿದ. ಹೊಸ ಬ್ಯಾಟರಿ ಕೂರಿಸಿದರೂ ಅದೇ ಟಕ್!

"ಹಳೇ ಬ್ಯಾಟರಿಯಲ್ಲೂ ನಾನು ಚೆನ್ನಾಗಿಯೇ ಉರಿಯುತ್ತಿದ್ದೆ" ಎಂದಿತು ಹೆಡ್‌ಲೈಟು. "ನನ್ನನ್ನು ಯಾರೂ ಕೇಳಲಿಲ್ಲ."

ಬಾಬಾಜಾನ್ ಹಣೆ ಚಚ್ಚಿಕೊಂಡು ಸೆಲ್ಫ್ ಮೋಟಾರನ್ನೇ ಬದಲಾಯಿಸಿದ. ಕಾರು ಗುರ್ರೆಂದು ಹೊರಟಿತು. ಹಳೇ ಮೋಟಾರು ಅದೇ ಮೂಲೆಗೆ ಬಂದು ಬಿತ್ತು.

"ಬಾರಪ್ಪಾ" ಎಂದಿತು ಅಲ್ಲಿದ್ದ ಬ್ಯಾಟರಿ. "ನಾನು ಸರಿಯಾಗಿ ಕರೆಂಟು ಕೊಡದೆ ನಿನಗೂ ಈ ಗತಿ ತಂದೆನಲ್ಲಾ, ಮನ್ನಿಸು."