ವಿಂಡ್‌ಶೀಲ್ಡೂ ಒಣಬಟ್ಟೆಯೂ

ಕನ್ನಡಕವಿರಲಿ, ಕೈಗಡಿಯಾರವಿರಲಿ, 'ಹಾ' ಎಂದು ಉಸಿರು ಬಿಟ್ಟು ಒಣಬಟ್ಟೆಯಲ್ಲಿ ತಿಕ್ಕುವುದು ರುದ್ರಮುನಿ ಮೇಷ್ಟ್ರ ಅಭ್ಯಾಸ. ಭಾನುವಾರ ಬಂದರೆ ಬೈಕಿನ ವಿಂಡ್‌ಶೀಲ್ಡಿಗೂ ಅದೇ ಉಪಚಾರ. ಈ ಭಾನುವಾರವೂ ನಾಲ್ಕು ಸ್ಕ್ರೂ ಬಿಚ್ಚಿ, ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಹಳೇ ಬನಿಯನ್ನಿನ ತುಂಡಿನಿಂದ ತಿಕ್ಕತೊಡಗಿದರು.

"ಸಾಕು ಮಾರಾಯ," ಎಂದಿತು ವಿಂಡ್‌ಶೀಲ್ಡು, ಬಟ್ಟೆಗೆ. "ವಾರವೆಲ್ಲ ಗಾಳಿ ಹೊಡೆಯಿತು, ಹುಳ ಬಡಿಯಿತು. ಒಂದು ಗೀರೂ ಬೀಳಲಿಲ್ಲ. ನನ್ನ ಮೈಮೇಲಿನ ಗೀರೆಲ್ಲ ಭಾನುವಾರದ್ದೇ."

"ಗೀಚಿದ್ದು ಧೂಳು, ನಾನಲ್ಲ."

"ಧೂಳು ಪಾಪ ಸುಮ್ಮನೆ ಕೂತಿತ್ತು. ಅದನ್ನು ಮೈತುಂಬ ಎಳೆದಾಡಿದ್ದು ನೀನು. ಒದ್ದೆಯಾಗಿ ಬಾ ಎಂದರೆ ಕೇಳುವುದಿಲ್ಲ."

"ಒದ್ದೆಯಾದ ಬಟ್ಟೆಯನ್ನು ಈ ಮನೆಯಲ್ಲಿ ನೆಲ ಒರೆಸಲು ಹಾಕುತ್ತಾರೆ," ಎಂದಿತು ಬಟ್ಟೆ. "ನನಗೂ ಒಂದು ಮರ್ಯಾದೆ ಇದೆ."

ಮೇಷ್ಟ್ರು ವಿಂಡ್‌ಶೀಲ್ಡನ್ನು ಬಿಸಿಲಿಗೆ ಎತ್ತಿ ಹಿಡಿದರು. "ಎಷ್ಟು ತಿಕ್ಕಿದರೂ ಮಬ್ಬು ಹೋಗ್ತಿಲ್ಲವಲ್ಲೇ!"

"ಹೋಗದಿದ್ರೆ ಗುಜರಿಗೆ ಹಾಕಿ, ಹೊಸದು ತನ್ನಿ," ಎಂದರು ಹೆಂಡತಿ ಗಿರಿಜಮ್ಮ, ಒಳಗಿನಿಂದಲೇ.

"ಇರು, ಇನ್ನೊಂದು ಸಲ ನೋಡ್ತೀನಿ. ಆಗದಿದ್ರೆ ಹಾಗೇ ಮಾಡೋಣ," ಎಂದು ಮೇಷ್ಟ್ರು ಮತ್ತೆ 'ಹಾ' ಎಂದರು.

ಪಕ್ಕದಲ್ಲೇ ಗಿಡಗಳಿಗೆಂದು ತುಂಬಿಟ್ಟ ಬಕೆಟ್ಟಿತ್ತು. ವಿಂಡ್‌ಶೀಲ್ಡಿಗೆ ವಾದ ಮಾಡುವ ತ್ರಾಣವೂ ಉಳಿದಿರಲಿಲ್ಲ.

"ತಮ್ಮಾ, ಇದೊಂದು ಸಲ ಅವರ ಕೈಯಿಂದ ಜಾರಿ ಆ ನೀರಿಗೆ ಬೀಳುತ್ತೀಯಾ?"

ಬಟ್ಟೆ ಮೇಷ್ಟ್ರ ಹೆಬ್ಬೆರಳಿಗೆ ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಿತು.